ಎಷ್ಟು ಜನರಲ್ಲಿ ಎಷ್ಟು ಜನ?

ಕ್ಯಾನ್ಸರ್ ವಾಸಿ ಮಾಡಲು ವೈರಸ್ಸನ್ನೇ ಮೈಗೆ ಚುಚ್ಚುತ್ತಾರಂತೆ ಎಂಬ ಮಾತು ಬಂದರೆ ಸಾಕು, ನಮ್ಮ ಹೆಂಗಸರು ಎರಡು ಪಂಗಡವಾಗುತ್ತಾರೆ. ಒಂದು ಪಂಗಡ, 'ಅಯ್ಯೋ ಶಿವನೇ, ಇರುವ ರೋಗ ಸಾಲದೆಂದು ಇನ್ನೊಂದನ್ನು ಅಂಟಿಸಿಕೊಳ್ಳುವುದೇ?' ಎಂದು ಕೆನ್ನೆಗೆ ಕೈ ಹಚ್ಚಿ ಕೂರುತ್ತದೆ. ಇನ್ನೊಂದು ಪಂಗಡ, 'ಅಂತೂ ಮದ್ದು ಸಿಕ್ಕಿತಲ್ಲ, ಇನ್ನು ಕೂದಲು ಉದುರುವುದೂ ಇಲ್ಲ, ಕರೆಂಟು ಕೊಡಿಸುವುದೂ ಇಲ್ಲ' ಎಂದು ದೇವರಿಗೆ ಕೈ ಮುಗಿಯುತ್ತದೆ. ಈ ಎರಡೂ ಪಂಗಡಗಳ ಜೊತೆ ನನಗೆ ಜಗಳವಿದೆ. ಮೊದಲನೆಯವರ ಜೊತೆ ಸ್ವಲ್ಪ, ಎರಡನೆಯವರ ಜೊತೆ ಹೆಚ್ಚು. ಇವರಿಬ್ಬರನ್ನೂ ಹೀಗೆ ಮಾಡಿಟ್ಟ ಪತ್ರಿಕೆಗಳ ತಲೆಬರಹಗಳ ಜೊತೆ ಎಲ್ಲಕ್ಕಿಂತ ಹೆಚ್ಚು.

ನಾನು ಸೈನ್ಸ್ ಟೀಚರಲ್ಲ, ಸಮಾಜ ಪಾಠ ಮಾಡುವವಳು. ಇದನ್ನು ಹೇಳಲು ನಿಮಗೇನು ಅರ್ಹತೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದ ದಿನ ಡಾಕ್ಟರ ಎದುರು ಕುಳಿತುಕೊಳ್ಳುವವರು ವಿಜ್ಞಾನಿಗಳಲ್ಲ, ನಮ್ಮಂಥ ಹೆಂಗಸರು. ಬಳೆ ಅಡವಿಡಬೇಕೋ, ಸೈಟು ಮಾರಬೇಕೋ, ಬೆಂಗಳೂರಿಗೆ ಹೋಗಬೇಕೋ ಎಂದು ತೀರ್ಮಾನಿಸಬೇಕಾದವರೂ ನಾವೇ. ತೀರ್ಮಾನ ನಮ್ಮದಾದ ಮೇಲೆ ವಿಷಯ ತಿಳಿದುಕೊಳ್ಳುವ ಹಕ್ಕೂ ನಮ್ಮದು.

ವಿಷಯವೇನು ಎಂಬುದನ್ನು ಮೊದಲು ನೋಡೋಣ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುವುದು ನಮಗೆ ಹೊಸ ಮಾತಲ್ಲ. ಈ ಚಿಕಿತ್ಸೆಯ ಮೂಲವೂ ಹಾಗೆಯೇ ಆಕಸ್ಮಿಕವಾಗಿ ಕಂಡದ್ದು. 1904ರಲ್ಲಿ ಇಟಲಿಯ ಒಬ್ಬ ಹೆಂಗಸಿಗೆ ಗರ್ಭಕಂಠದ ಕ್ಯಾನ್ಸರ್ ಆಗಿತ್ತು. ಆಕೆಗೆ ನಾಯಿ ಕಚ್ಚಿತು. ಹುಚ್ಚುನಾಯಿ ರೋಗ ಬಾರದಿರಲೆಂದು ಆಗಿನ ಕಾಲದ ಲಸಿಕೆ ಹಾಕಿದರು. ಅದರಲ್ಲಿ ದುರ್ಬಲಗೊಳಿಸಿದ ರೇಬಿಸ್ ವೈರಸ್ ಇತ್ತು. ಆ ಮೇಲೆ ನೋಡಿದರೆ ಅಷ್ಟು ದೊಡ್ಡ ಗಡ್ಡೆ ಕರಗಿಹೋಗಿತ್ತು. ಡಿ ಪಾಚೆ ಎಂಬ ವೈದ್ಯ ಇದನ್ನು ಬರೆದಿಟ್ಟ. ಇನ್ನೊಂದು ಸಂಗತಿ ಆಫ್ರಿಕದ ಉಗಾಂಡದ್ದು. ದವಡೆಯಲ್ಲಿ ಗಡ್ಡೆ ಬೆಳೆಯುವ ಬರ್ಕಿಟ್ ಎಂಬ ಕ್ಯಾನ್ಸರ್ ಇದ್ದ ಮಗುವಿಗೆ ದಡಾರ ಎದ್ದಾಗ ಗಡ್ಡೆ ತಾನಾಗಿ ಇಳಿದದ್ದನ್ನು 1971ರಲ್ಲಿ ವೈದ್ಯರು ವರದಿ ಮಾಡಿದರು. ಇಂಥವು ಎಲ್ಲೋ ಒಂದೊಂದು. ಬಹಳ ಸಲ ಹೋದ ಗಡ್ಡೆ ಮತ್ತೆ ಬಂತು. ಆದರೆ ವೈರಸ್ಸಿಗೂ ಗಡ್ಡೆಗೂ ಏನೋ ಹಗೆ ಇದೆ ಎಂಬ ಗುಮಾನಿ ಮಾತ್ರ ಉಳಿಯಿತು.

ವೈರಸ್ಸಿನ ಕೆಲಸ ಒಂದೇ. ಜೀವಕೋಶದೊಳಗೆ ನುಗ್ಗುವುದು, ಅಲ್ಲಿಯ ಸಾಮಾನಿನಿಂದಲೇ ತನ್ನಂಥ ಸಾವಿರಾರು ಮಾಡಿಕೊಳ್ಳುವುದು, ಕೋಶವನ್ನು ಒಡೆದು ಹೊರಬಂದು ಪಕ್ಕದ ಕೋಶಕ್ಕೆ ಹೋಗುವುದು. ಈ ಹಾಳು ಕೆಲಸವನ್ನು ಅದು ಕ್ಯಾನ್ಸರ್ ಕೋಶದಲ್ಲಿ ಮಾತ್ರ ಮಾಡಿ, ಒಳ್ಳೆಯ ಕೋಶವನ್ನು ಬಿಟ್ಟರೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೇ ವೈರಸ್ಸಿನ ಜೀನ್‌ಗಳನ್ನು ತಿದ್ದುವುದು.

ತಿದ್ದುವುದೆಂದರೆ ಹೇಗೆ ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಜ್ವರ ಬಂದು ಹೋದ ಮೇಲೆ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುತ್ತದಲ್ಲ, ಅದಕ್ಕೆ ಕಾರಣ ಹರ್ಪಿಸ್ ಎಂಬ ವೈರಸ್. ಅದು ಒಳನುಗ್ಗಿದ್ದು ಗೊತ್ತಾದ ಕೂಡಲೇ ಆರೋಗ್ಯವಾದ ಕೋಶ ತನ್ನ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ಕಳ್ಳ ಅಡುಗೆಮನೆಗೆ ನುಗ್ಗಿದನೆಂದು ಒಲೆಯನ್ನೇ ಆರಿಸಿದ ಹಾಗೆ. ಹರ್ಪಿಸ್ ಬಲು ಜಾಣ. ಆರಿದ ಒಲೆಯನ್ನು ಮತ್ತೆ ಹೊತ್ತಿಸುವ ಒಂದು ಜೀನ್ ಅದರ ಬಳಿ ಇದೆ. ವಿಜ್ಞಾನಿಗಳು ಆ ಜೀನನ್ನು ಕಿತ್ತುಹಾಕಿದರು. ಹಾಗಾಗಿ ಒಳ್ಳೆಯ ಕೋಶದಲ್ಲಿ ಅದರ ಆಟ ನಡೆಯುವುದಿಲ್ಲ. ಕ್ಯಾನ್ಸರ್ ಕೋಶಕ್ಕೋ ಒಲೆ ಆರಿಸುವ ಬುದ್ಧಿಯೇ ಕೆಟ್ಟಿರುತ್ತದೆ. ಅಲ್ಲಿ ವೈರಸ್ ಬೇಕಾದಷ್ಟು ಬೇಯಿಸಿಕೊಳ್ಳುತ್ತದೆ. ಇನ್ನೊಂದು ಜೀನನ್ನೂ ತೆಗೆದರು. ಅದು ನಮ್ಮ ದೇಹದ ಕಾವಲು ಪಡೆಯ ಕಣ್ಣಿಗೆ ಬೀಳದಂತೆ ವೈರಸ್ಸನ್ನು ಮರೆಮಾಡುವ ಜೀನ್. ಆಮೇಲೆ ಮನುಷ್ಯರದೇ ಒಂದು ಜೀನನ್ನು ಸೇರಿಸಿದರು. ಅದರ ಕೆಲಸ ಆ ಕಾವಲು ಪಡೆಯನ್ನು ಕೂಗಿ ಕರೆಯುವುದು. ವೈರಸ್ ಗಡ್ಡೆಯನ್ನು ಒಡೆಯುವುದು ಒಂದು ಲಾಭ. ಒಡೆದ ಚೂರುಗಳನ್ನು ನೋಡಿ ದೇಹವೇ ಕ್ಯಾನ್ಸರಿನ ಗುರುತು ಹಿಡಿದು ಬೆನ್ನಟ್ಟುವುದು ಅದಕ್ಕಿಂತ ದೊಡ್ಡ ಲಾಭ. ಟಿ-ವೆಕ್ ಎಂದು ಕರೆಯುವ ಈ ಮದ್ದಿಗೆ ಅಮೆರಿಕದ ಸರ್ಕಾರ 2015ರ ಅಕ್ಟೋಬರಿನಲ್ಲಿ ಅನುಮತಿ ಕೊಟ್ಟಿತು, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ. ಚೀನಾ ಇನ್ನೂ ಹತ್ತು ವರ್ಷ ಮೊದಲೇ, 2005ರಲ್ಲಿ, ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ತಿದ್ದಿದ ನೆಗಡಿ ವೈರಸ್ಸೊಂದನ್ನು ಒಪ್ಪಿತ್ತು. ಜಪಾನ್ 2021ರಲ್ಲಿ ಮಿದುಳಿನ ಗಡ್ಡೆಗೆ ಇನ್ನೊಂದು ಹರ್ಪಿಸನ್ನು ಒಪ್ಪಿತು.

ಈಗ ಹೆದರುವವರ ಹತ್ತಿರ ಬರುತ್ತೇನೆ. 'ದೇವರು ಮಾಡಿದ್ದನ್ನು ತಿದ್ದಬಾರದು, ಇದು ಪ್ರಕೃತಿಗೆ ವಿರುದ್ಧ' ಎನ್ನುತ್ತೀರಿ. ತಾಯಿ, ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಅತ್ತೆಯವರ ಇನ್ಸುಲಿನ್ ಇದೆಯಲ್ಲ, ಅದು ಎಲ್ಲಿಂದ ಬಂತು? ಮನುಷ್ಯರ ಜೀನನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿ ಇನ್ಸುಲಿನ್ ತಯಾರಿಸುವುದು 1982ರಲ್ಲೇ ಮಾರುಕಟ್ಟೆಗೆ ಬಂತು. ನಿಮ್ಮ ಮೊಮ್ಮಗುವಿಗೆ ಹುಟ್ಟಿದ ಕೂಡಲೇ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆ ಜೀನ್ ತಿದ್ದಿದ ಯೀಸ್ಟಿನಿಂದ ಬಂದದ್ದು. ಅದೆಲ್ಲ ಹೋಗಲಿ, 2021ರಲ್ಲಿ ಬಿಸಿಲಿನಲ್ಲಿ ಸಾಲಾಗಿ ನಿಂತು ಹಾಕಿಸಿಕೊಂಡಿರಲ್ಲ, ಕೋವಿಶೀಲ್ಡ್, ಅದು ಏನೆಂದುಕೊಂಡಿರಿ? ಚಿಂಪಾಂಜಿಯ ನೆಗಡಿ ವೈರಸ್ಸಿನ ಜೀನ್ ತಿದ್ದಿ, ಅದು ನಮ್ಮ ಮೈಯಲ್ಲಿ ಬೆಳೆಯದಂತೆ ಮಾಡಿ, ಕೊರೋನಾದ ಒಂದು ಜೀನನ್ನು ಅದರ ಬೆನ್ನಿಗೆ ಕಟ್ಟಿ ಕಳಿಸಿದ್ದು. ತಿದ್ದಿದ ವೈರಸ್ ಊರೂರಿನ ತೋಳುಗಳಿಗೆ ಆಗಲೇ ಹೋಗಿ ಬಂದಿದೆ.

ಹಾಗಾದರೆ ಹೆದರಿಕೆಗೆ ಕಾರಣವೇ ಇಲ್ಲವೆ? ಇದೆ. ಅದನ್ನು ಮುಚ್ಚಿಡುವವರ ಮೇಲೂ ನನಗೆ ಸಿಟ್ಟಿದೆ. ಅದೇ ಕೋವಿಶೀಲ್ಡಿನಿಂದ ಕೆಲವರಿಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಯಿತೆಂದು 2021ರಲ್ಲೇ ಯುರೋಪಿನವರು ಒಪ್ಪಿದರು. ಬ್ರಿಟನ್ನಿನ ಲೆಕ್ಕದಲ್ಲಿ ಲಕ್ಷಕ್ಕೆ ಒಬ್ಬರೋ ಇಬ್ಬರೋ. ಅದಕ್ಕೂ ಹಿಂದೆ, 1999ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ ಹದಿನೆಂಟರ ಹುಡುಗ ಸತ್ತ. ಅವನಿಗಿದ್ದದ್ದು ಕ್ಯಾನ್ಸರಲ್ಲ, ಯಕೃತ್ತಿನ ಒಂದು ಹುಟ್ಟು ತೊಂದರೆ. ಮಾತ್ರೆ, ಪಥ್ಯಗಳಲ್ಲಿ ಬದುಕು ಸಾಗಿಸುತ್ತಿದ್ದ ಹುಡುಗ. ತಿದ್ದಿದ ನೆಗಡಿ ವೈರಸ್ಸನ್ನು ಪ್ರಯೋಗಕ್ಕೆಂದು ಮೈಗೆ ಹಾಕಿದ ನಾಲ್ಕೇ ದಿನಕ್ಕೆ ತೀರಿಕೊಂಡ. ಆಮೇಲೆ ವಿಚಾರಣೆಯಲ್ಲಿ ಹೊರಬಿದ್ದದ್ದು: ಇಂಥ ವೈರಸ್ಸಿನಿಂದ ಕೋತಿಗಳು ಸತ್ತಿದ್ದ ಸಂಗತಿಯನ್ನು ಅವನು ಸಹಿ ಹಾಕಿದ ಕಾಗದದಲ್ಲಿ ಹೇಳಿರಲಿಲ್ಲ. ಪ್ರಯೋಗದ ಮುಖ್ಯಸ್ಥರಿಗೆ ಆ ಕೆಲಸಕ್ಕೆ ಸಂಬಂಧಿಸಿದ ಕಂಪನಿಯಲ್ಲಿ ಹಣದ ಪಾಲಿತ್ತು. ಅಲ್ಲಿ ವೈರಸ್ಸಿಗಿಂತ ಹೆಚ್ಚು ಹೆದರಬೇಕಾದದ್ದು ಆ ಕಾಗದಕ್ಕೆ. ಅದಕ್ಕೇ ಹೇಳುತ್ತೇನೆ, 'ಅಯ್ಯೋ ವೈರಸ್ಸೇ' ಎಂದು ಕೂಗುವ ಬದಲು, 'ಕಾಗದದಲ್ಲಿ ಏನು ಬರೆದಿದೆ, ಓದಿ ಹೇಳಿ' ಎಂದು ಕೇಳುವುದನ್ನು ಕಲಿಯೋಣ.

ಇನ್ನು ಪವಾಡದ ಪಂಗಡ. 2024ರ ನವೆಂಬರಿನಲ್ಲಿ ನಮ್ಮ ಶಾಲೆಯ ಹೊಲಿಗೆ ಟೀಚರ್ ಒಂದು ಪತ್ರಿಕೆಯ ತುಂಡನ್ನು ಪರ್ಸಿನಲ್ಲಿ ಮಡಿಸಿಟ್ಟುಕೊಂಡು ಬಂದಳು. 'ಮೇಡಂ, ಇದನ್ನ ಓದಿದ್ರಾ? ಒಬ್ಬರು ಹೆಂಗಸು ತಮ್ಮ ಸ್ತನದ ಕ್ಯಾನ್ಸರನ್ನ ತಾವೇ ವೈರಸ್ ಚುಚ್ಚಿಕೊಂಡು ವಾಸಿ ಮಾಡಿಕೊಂಡಿದಾರಂತೆ. ನನ್ನ ತಂಗಿ ಇದನ್ನ ಓದಿ ಕೀಮೋಗೆ ಹೋಗಲ್ಲ ಅಂತ ಹಟ ಹಿಡಿದಿದಾಳೆ' ಎಂದಳು. ತಂಗಿಗೆ ಮೂರು ಕೀಮೋ ಆಗಿತ್ತು. ಬಾಯೆಲ್ಲ ಹುಣ್ಣು, ತಲೆಯಲ್ಲಿ ಒಂದು ಎಳೆ ಕೂದಲಿಲ್ಲ, ಅನ್ನದ ವಾಸನೆ ಬಂದರೆ ವಾಂತಿ. ಅಂಥವಳ ಕೈಗೆ ಇಂಥ ತಲೆಬರಹ ಸಿಕ್ಕಿದರೆ ಅವಳು ಇನ್ನೇನು ಮಾಡಿಯಾಳು? ಮುಳುಗುವವಳಿಗೆ ಹುಲ್ಲುಕಡ್ಡಿ.

ಆ ಸುದ್ದಿ ಸುಳ್ಳಲ್ಲ. ಆಕೆ ಬಿಯಾಟಾ ಹಲಾಸಿ, ಕ್ರೊಯೇಷಿಯದ ಝಾಗ್ರೆಬ್ ವಿಶ್ವವಿದ್ಯಾಲಯದಲ್ಲಿ ವೈರಸ್ಸುಗಳನ್ನೇ ಕುರಿತು ಕೆಲಸ ಮಾಡುವ ವಿಜ್ಞಾನಿ. ಸ್ತನ ತೆಗೆದ ಜಾಗದಲ್ಲಿ ಕ್ಯಾನ್ಸರ್ ಮರಳಿ ಬಂದಾಗ, 2020ರಲ್ಲಿ, ತಮ್ಮ ಪ್ರಯೋಗಾಲಯದಲ್ಲಿ ಬೆಳೆಸಿದ ಎರಡು ವೈರಸ್ಸುಗಳನ್ನು ಒಂದಾದ ಮೇಲೊಂದು ಗಡ್ಡೆಗೇ ಹಾಕಿಸಿಕೊಂಡರು. ಒಂದು ದಡಾರದ ಲಸಿಕೆಯ ವೈರಸ್, ಇನ್ನೊಂದು ದನ, ಕುದುರೆಗಳಿಗೆ ಬರುವ ಬಾಯಿಹುಣ್ಣಿನ ವೈರಸ್. ಎರಡೂ ಜೀನ್ ತಿದ್ದಿದವಲ್ಲ. ಎರಡು ತಿಂಗಳಲ್ಲಿ ಗಡ್ಡೆ ಕುಗ್ಗಿ ಸಡಿಲವಾಯಿತು. ಇಲ್ಲಿಯವರೆಗೆ ತಲೆಬರಹದಲ್ಲಿತ್ತು. ಆಮೇಲಿನದನ್ನು ಕೇಳಿ. ಕುಗ್ಗಿದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದರು. ಅದಾದ ಮೇಲೆ ಒಂದು ವರ್ಷ ಟ್ರಾಸ್ಟುಜುಮಾಬ್ ಎಂಬ ಕ್ಯಾನ್ಸರ್ ಔಷಧಿಯನ್ನೂ ಕೊಟ್ಟರು. ಉದ್ದಕ್ಕೂ ಕ್ಯಾನ್ಸರ್ ಡಾಕ್ಟರುಗಳು ಅವರ ಮೇಲೆ ಕಣ್ಣಿಟ್ಟಿದ್ದರು. ಏನಾದರೂ ಕೆಟ್ಟರೆ ಮಾಮೂಲು ಚಿಕಿತ್ಸೆಗೆ ಹೊರಳಲು ತಯಾರಾಗಿದ್ದರು. ಕ್ಯಾನ್ಸರ್ ಬಂದವರಿಗೆ ಇದು ಮೊದಲ ದಾರಿಯಾಗಬಾರದೆಂದು ಅವರ ಲೇಖನವೇ ಹೇಳುತ್ತದೆ. ಹೊಲಿಗೆ ಟೀಚರ್ ತಂದ ತುಂಡಿನಲ್ಲಿ ಆಪರೇಷನ್ನಿನ ಮಾತು ಕೊನೆಯ ಪ್ಯಾರಾದಲ್ಲಿ ಅರ್ಧ ಸಾಲು. ಟ್ರಾಸ್ಟುಜುಮಾಬಿನ ಹೆಸರೇ ಇಲ್ಲ.

ತಂಗಿಯನ್ನು ಒಪ್ಪಿಸಿ ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಐದು ವಾರ ಕಳೆದಿತ್ತು. ಆ ಐದು ವಾರಕ್ಕೆ ಯಾರು ಹೊಣೆ? ಓದಿದವಳೆ? ಅಕ್ಷರ ಕಲಿಸಿದ ನಾವೆ? ಅಥವಾ ಒಬ್ಬ ಹೆಂಗಸಿನ ಕಥೆಯನ್ನು ಊರಿಗೆಲ್ಲ ಮದ್ದೆಂದು ಹಂಚಿದವರೆ?

ನಾಲ್ಕನೆಯ ತರಗತಿಯ ಮಗುವಿಗೂ ನಾವು ಹೇಳಿಕೊಡುವ ಒಂದು ಲೆಕ್ಕವಿದೆ. 'ಹದಿನಾರು ಅಂಕ ಬಂತು' ಎಂದು ಮಗು ಮನೆಗೆ ಓಡಿ ಬಂದರೆ ತಾಯಿ ಮೊದಲು ಕೇಳುವುದು, 'ಎಷ್ಟಕ್ಕೆ?' ಎಂದು. ಇಪ್ಪತ್ತಕ್ಕೆ ಹದಿನಾರಾದರೆ ಬೆನ್ನು ತಟ್ಟುತ್ತಾಳೆ, ನೂರಕ್ಕೆ ಹದಿನಾರಾದರೆ ಸುಮ್ಮನಾಗುತ್ತಾಳೆ. ಮಗುವನ್ನು ಕೇಳುವ ಈ ಪ್ರಶ್ನೆಯನ್ನು ಮದ್ದಿನ ಸುದ್ದಿಯನ್ನು ಯಾಕೆ ಕೇಳುವುದಿಲ್ಲ?

ಕೇಳಿದರೆ ಉತ್ತರ ಸಿಗುತ್ತದೆ. ಟಿ-ವೆಕ್ ಪರೀಕ್ಷೆಯಲ್ಲಿ ಇದ್ದವರು 436 ಜನ. ಅದನ್ನು ಪಡೆದವರಲ್ಲಿ ಗಡ್ಡೆ ಕುಗ್ಗಿ ಆರು ತಿಂಗಳಾದರೂ ಹಾಗೇ ನಿಂತದ್ದು ನೂರಕ್ಕೆ 16 ಜನರಿಗೆ. ಹೋಲಿಕೆಗೆ ಬೇರೆ ಮದ್ದು ಪಡೆದವರಲ್ಲಿ ನೂರಕ್ಕೆ ಇಬ್ಬರಿಗೆ. ಎರಡಕ್ಕೆ ಹೋಲಿಸಿದರೆ ಹದಿನಾರು ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಉಳಿದ ಎಂಬತ್ತನಾಲ್ಕು ಮಂದಿಯೂ ಯಾರದೋ ಮನೆಯವರೇ. ಜಪಾನಿನ ಮಿದುಳು ಗಡ್ಡೆಯ ಮದ್ದಿನಲ್ಲಿ ಒಂದು ವರ್ಷದ ನಂತರ ನೂರಕ್ಕೆ 84 ಮಂದಿ ಬದುಕಿದ್ದರೆಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಎಷ್ಟು ಜನರಲ್ಲಿ? ಹತ್ತೊಂಬತ್ತು ಜನರಲ್ಲಿ ಹದಿನಾರು. ಅಷ್ಟು ಕಡಿಮೆ ಜನರ ಮೇಲೆ ನೋಡಿದ್ದೆಂದೇ ಅಲ್ಲಿಯ ಸರ್ಕಾರ ಏಳು ವರ್ಷದ ಷರತ್ತು ಹಾಕಿ ಅನುಮತಿ ಕೊಟ್ಟಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತಿದ್ದಿದ ಪೋಲಿಯೋ ವೈರಸ್ಸನ್ನು ಮಿದುಳಿನ ಗಡ್ಡೆಗೆ ಹಾಕಿದ್ದು 2015ರಲ್ಲಿ ಟಿ.ವಿ.ಯಲ್ಲಿ ಬಂದು ಲೋಕವೆಲ್ಲ ಬೆರಗಾಯಿತು. 2018ರಲ್ಲಿ ಪೂರ್ತಿ ಲೆಕ್ಕ ಬಂತು: 61 ರೋಗಿಗಳು, ಮೂರು ವರ್ಷದ ನಂತರ ಉಳಿದವರು ನೂರಕ್ಕೆ 21. ಹಿಂದೆ ಅದೇ ರೋಗದವರಲ್ಲಿ ನೂರಕ್ಕೆ ನಾಲ್ವರು ಮಾತ್ರ ಉಳಿಯುತ್ತಿದ್ದರು. ಒಳ್ಳೆಯದೇ, ಬಹಳ ಒಳ್ಳೆಯದು. ಆದರೆ ಹಳೆಯ ರೋಗಿಗಳ ಜೊತೆ ಹೊಸಬರನ್ನು ತೂಗುವುದು ಹೋದ ವರ್ಷದ ಪ್ರಶ್ನೆಪತ್ರಿಕೆಯ ಜೊತೆ ಈ ವರ್ಷದ್ದನ್ನು ತೂಗಿದ ಹಾಗೆ. ಅದು ಪೂರಾ ನಂಬುವ ತೂಕವಲ್ಲ.

ಸೋತದ್ದರ ಸುದ್ದಿಯನ್ನಂತೂ ಯಾರೂ ನಮಗೆ ಹೇಳುವುದಿಲ್ಲ. ಸಿಡುಬಿನ ಲಸಿಕೆಗೆ ಬಳಸುತ್ತಿದ್ದ ವೈರಸ್ಸನ್ನು ತಿದ್ದಿ ಯಕೃತ್ತಿನ ಕ್ಯಾನ್ಸರಿಗೆ ಮಾಡಿದ ಪೆಕ್ಸಾ-ವೆಕ್ ಎಂಬ ಮದ್ದಿನ ಬಗ್ಗೆ ಎಷ್ಟೋ ವರ್ಷ ಆಸೆ ಇತ್ತು. ನಾಲ್ಕು ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯನ್ನು 2019ರಲ್ಲಿ ಮಧ್ಯದಲ್ಲೇ ನಿಲ್ಲಿಸಿದರು. ಮಾಮೂಲು ಮಾತ್ರೆಗಿಂತ ಅದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಗೆದ್ದದ್ದಕ್ಕೆ ಮುಖಪುಟ, ಸೋತದ್ದಕ್ಕೆ ಒಂದು ಮೂಲೆಯೂ ಇಲ್ಲ. ಹೀಗಾದರೆ ಓದುವವಳ ತಲೆಯಲ್ಲಿ ಎಲ್ಲವೂ ಗೆದ್ದದ್ದೇ ಆಗಿ ಉಳಿಯುತ್ತದೆ.

ಇಲ್ಲಿ ಕೆಲವರು ನನ್ನ ಮೇಲೆ ತಿರುಗಿ ಬೀಳುತ್ತಾರೆಂದು ಗೊತ್ತು. 'ಸಾಯುವವರ ಆಸೆಯನ್ನು ಯಾಕೆ ಕಿತ್ತುಕೊಳ್ಳುತ್ತೀರಿ? ಭರವಸೆಯಿಂದ ನಾಲ್ಕು ದಿನ ಬದುಕಲಿ ಬಿಡಿ' ಎನ್ನುತ್ತಾರೆ. ಆಸೆಗೆ ನಾನು ವೈರಿಯಲ್ಲ. ನೂರರಲ್ಲಿ ಹದಿನಾರು ಎನ್ನುವುದೂ ಆಸೆಯೇ. ಆದರೆ ಅದು ಅಳತೆ ಇರುವ ಆಸೆ. ಅಳತೆ ತಿಳಿದರೆ ಇರುವ ಚಿಕಿತ್ಸೆಯನ್ನು ಬಿಡಬಾರದೆಂದು ಗೊತ್ತಾಗುತ್ತದೆ, ಮಗಳ ಮದುವೆಗೆಂದು ಇಟ್ಟ ಚಿನ್ನವನ್ನು ಮಾರುವ ಮೊದಲು ಎರಡು ಸಲ ಯೋಚಿಸಬೇಕೆಂದು ಗೊತ್ತಾಗುತ್ತದೆ. ಅಳತೆ ಇಲ್ಲದ ಆಸೆಯನ್ನು ಮಾರುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬೇರುನಾರಿನವರು, ಬೂದಿಯವರು, ಫೋನಿನಲ್ಲಿ 'ಗ್ಯಾರಂಟಿ' ಎನ್ನುವವರು. ವಿಜ್ಞಾನದ ಹೆಸರಿನಲ್ಲಿ ಬರುವವರೂ ಅದೇ ಸಂತೆಯಲ್ಲಿ ಅಂಗಡಿ ಹಾಕಬೇಕೆ?

ಲ್ಯಾಟ್ವಿಯ ಎಂಬ ಸಣ್ಣ ದೇಶದ ಕಥೆ ಇದಕ್ಕೆ ಸಾಕ್ಷಿ. ಅಲ್ಲಿ 2004ರಲ್ಲಿ ರಿಗ್ವಿರ್ ಎಂಬ ವೈರಸ್ ಮದ್ದಿಗೆ ಅನುಮತಿ ಸಿಕ್ಕಿತು. ಅದು ತಿದ್ದದ ವೈರಸ್. ದೇಶ ದೇಶದ ರೋಗಿಗಳು ಹಣ ಕೂಡಿಸಿಕೊಂಡು ಅದನ್ನು ಹುಡುಕಿಕೊಂಡು ಹೋದರು. 2019ರಲ್ಲಿ ಪರೀಕ್ಷೆ ಮಾಡಿ ನೋಡಿದರೆ ಸೀಸೆಯಲ್ಲಿ ಇರಬೇಕಾದಷ್ಟು ವೈರಸ್ಸೇ ಇರಲಿಲ್ಲ, ಹಂಚಿಕೆ ನಿಲ್ಲಿಸಿದರು.

ಹಣ, ಲೆಕ್ಕ ಇವುಗಳಿಗಿಂತಲೂ ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ. ಮೈ ಕೊಟ್ಟವರನ್ನು ಯಾರು ಕೇಳಿದರು? ನ್ಯೂಯಾರ್ಕಿನಲ್ಲಿ ಚೆಸ್ಟರ್ ಸೌದಮ್ ಎಂಬ ವೈದ್ಯ 1950ರ ದಶಕದ ಆರಂಭದಲ್ಲೇ ವೆಸ್ಟ್ ನೈಲ್ ಎಂಬ ವೈರಸ್ಸನ್ನು ಉಳಿಯುವ ಆಸೆಯಿಲ್ಲದ ಕ್ಯಾನ್ಸರ್ ರೋಗಿಗಳಿಗೆ ಚುಚ್ಚಿ ನೋಡಿದ. ಕೆಲವರಿಗೆ ಮಿದುಳಿನ ಉರಿಯೂತವಾಯಿತು. ಅದೇ ಸೌದಮ್ 1963ರಲ್ಲಿ ಬ್ರೂಕ್ಲಿನ್ನಿನ ಒಂದು ಆಸ್ಪತ್ರೆಯಲ್ಲಿ 22 ಮಂದಿ ಕಾಯಿಲೆಯವರಿಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಿಸಿದ. ಅದು ಕ್ಯಾನ್ಸರ್ ಎಂದು ಅವರಿಗೆ ಹೇಳಲಿಲ್ಲ. ಗೊತ್ತಾದರೆ ಸುಮ್ಮನೆ ಹೆದರುತ್ತಾರೆ ಎಂಬುದು ಅವನ ಸಮರ್ಥನೆ. ಹೆಸರಿಗೊಂದು ಶಿಕ್ಷೆಯಾಯಿತು. ಕೆಲವೇ ವರ್ಷಕ್ಕೆ, 1968ರಲ್ಲಿ, ಅಮೆರಿಕದ ಕ್ಯಾನ್ಸರ್ ಸಂಶೋಧಕರ ಸಂಘ ಅವನನ್ನೇ ಅಧ್ಯಕ್ಷನನ್ನಾಗಿ ಆರಿಸಿತು.

ಅದು ಅಮೆರಿಕ, ಅದು ಹಳೆಯ ಕಾಲ ಎನ್ನಬೇಡಿ. ನಮ್ಮ ಪಕ್ಕದ ಆಂಧ್ರದಲ್ಲಿ, ಈಗ ತೆಲಂಗಾಣಕ್ಕೆ ಸೇರಿದ ಖಮ್ಮಂ ಜಿಲ್ಲೆಯಲ್ಲಿ, ಮತ್ತು ಗುಜರಾತಿನ ವಡೋದರದಲ್ಲಿ 2009-10ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರು. ಖಮ್ಮಂನಲ್ಲಿ ಎಷ್ಟೋ ಮಂದಿ ಹಾಸ್ಟೆಲಿನ ಬುಡಕಟ್ಟು ಮಕ್ಕಳು. ತಾಯಿತಂದೆಯರ ಸಹಿ ಇರಬೇಕಾದ ಜಾಗದಲ್ಲಿ ವಾರ್ಡನ್ನುಗಳ ಸಹಿ ಇತ್ತು. ಮಕ್ಕಳ ಸಾವಿನ ಸುದ್ದಿ ಬಂದು 2010ರಲ್ಲಿ ಯೋಜನೆ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ. ಆದರೆ ಸಹಿಯ ವಿಷಯದಲ್ಲಿ ತಪ್ಪಾಗಿದೆ ಎಂದು 2013ರಲ್ಲಿ ಸಂಸತ್ತಿನ ಸಮಿತಿ ಕಟುವಾಗಿ ಹೇಳಿತು. ಶಾಲೆಯವಳಾಗಿ ನನಗೆ ಇದು ಹೊಟ್ಟೆಗೆ ಕಲಸಿದ ಖಾರದ ಹಾಗೆ. ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯಲೂ ನಾವು ಮನೆಯವರ ಸಹಿ ತರಿಸುತ್ತೇವೆ. ಅದರ ಫಲ ಏನಾಯಿತು ನೋಡಿ. ಒಳ್ಳೆಯ ಲಸಿಕೆಗೇ ಕೆಟ್ಟ ಹೆಸರು ಅಂಟಿ ದೇಶ ಹಿಂಜರಿದು ಕೂತಿತು. ಗರ್ಭಕಂಠದ ಕ್ಯಾನ್ಸರ್ ಪ್ರತಿ ವರ್ಷ ನಮ್ಮ ದೇಶದ ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಹೊಸದಾಗಿ ಬರುತ್ತದೆ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಕೇಳದೆ ಮಾಡಿದ ಕೆಲಸ ಆ ಮಕ್ಕಳಿಗಷ್ಟೇ ಅಲ್ಲ, ಆಮೇಲೆ ಬಂದವರಿಗೂ ದ್ರೋಹ.

'ಹಳ್ಳಿ ಹೆಂಗಸರಿಗೆ ಜೀನು, ವೈರಸ್ಸು ಎಂದರೆ ಎಲ್ಲಿ ಅರ್ಥವಾಗುತ್ತದೆ ಮೇಡಂ' ಎನ್ನುವ ಡಾಕ್ಟರುಗಳನ್ನು ನಾನು ಕಂಡಿದ್ದೇನೆ. ಅರ್ಥವಾಗುವಂತೆ ಹೇಳುವ ಮನಸ್ಸಿದ್ದರೆ ಕನ್ನಡಕ್ಕೇನೂ ಬಡತನವಿಲ್ಲ. ಡಾಕ್ಟರಾಗಿದ್ದ ಅನುಪಮಾ ನಿರಂಜನರು 'ತಾಯಿ-ಮಗು', 'ಕೇಳು ಕಿಶೋರಿ' ಬರೆದು, ಹೆಂಗಸರು ಬಾಯಿಬಿಟ್ಟು ಕೇಳಲಾರದ ಎಷ್ಟೋ ಸಂಗತಿಗಳನ್ನು ನಮ್ಮ ಮನೆಯ ಮಾತಿನಲ್ಲಿ ತಿಳಿಸಿಕೊಟ್ಟರು. ಇಂದು ಆಸ್ಪತ್ರೆಯಲ್ಲಿ ಕೊಡುವ ಸಹಿ ಕಾಗದವನ್ನು ನೋಡಿ. ಇಂಗ್ಲಿಷಿನಲ್ಲಿ ಹತ್ತು ಪುಟ. ಕನ್ನಡದಲ್ಲಿ ಇದ್ದರೂ ಪದಕೋಶ ಇಟ್ಟುಕೊಂಡು ಅನುವಾದಿಸಿದ ಕಬ್ಬಿಣದ ಕಡಲೆ. 'ಇಲ್ಲಿ ಸೈನ್ ಮಾಡಿ ಅಮ್ಮ' ಎಂದು ನರ್ಸ್ ಬೆರಳಿಟ್ಟು ತೋರಿಸಿದ ಜಾಗದಲ್ಲಿ ನಾವು ಸಹಿ ಹಾಕಿ ಬರುತ್ತೇವೆ.

ಇದೇನೂ ದೂರದ ಮಾತಲ್ಲ. ತಿದ್ದಿದ ವೈರಸ್ಸನ್ನು ಬಳಸುವ ಚಿಕಿತ್ಸೆ ನಮ್ಮಲ್ಲಿಗೂ ಬಂದಿದೆ, ಬೇರೆ ರೂಪದಲ್ಲಿ. ಕಾರ್-ಟಿ ಎನ್ನುತ್ತಾರೆ. ರೋಗಿಯ ರಕ್ತದಿಂದಲೇ ಕಾವಲು ಕೋಶಗಳನ್ನು ತೆಗೆದು, ಹಲ್ಲು ಕಿತ್ತ ಎಚ್‌ಐವಿ ಜಾತಿಯ ವೈರಸ್ಸಿನ ಮೂಲಕ ಅವುಗಳೊಳಗೆ ಹೊಸ ಜೀನನ್ನು ಕಳಿಸಿ, ಕ್ಯಾನ್ಸರಿನ ಗುರುತು ಹಿಡಿಯುವಂತೆ ಮಾಡಿ ಮತ್ತೆ ಮೈಗೆ ಸೇರಿಸುವುದು. ಇಲ್ಲಿ ವೈರಸ್ ಬರೀ ಅಂಚೆಯಣ್ಣ. ಮುಂಬೈ ಐಐಟಿಯವರೂ ಟಾಟಾ ಮೆಮೋರಿಯಲ್ ಆಸ್ಪತ್ರೆಯವರೂ ಸೇರಿ ಮಾಡಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯೂ ತನ್ನದನ್ನು ತಂದಿತು. ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ, ಅದೂ ಬೇರೆ ಮದ್ದು ಸೋತ ಮೇಲೆ. ಹೊರದೇಶದಲ್ಲಿ ಕೋಟಿಗಳಲ್ಲಿ ಆಗುವ ಖರ್ಚು ಇಲ್ಲಿ ಮೂವತ್ತು, ನಲವತ್ತು ಲಕ್ಷದ ಆಸುಪಾಸಿಗೆ ಇಳಿದಿದೆ ಎಂದು ಎಲ್ಲರೂ ಹೊಗಳಿದರು. ನಾನೂ ಹೊಗಳುತ್ತೇನೆ. ನಮ್ಮವರೇ ಮಾಡಿದ್ದು, ಹೆಮ್ಮೆಯ ಕೆಲಸ. ಆದರೆ ಆಯುಷ್ಮಾನ್ ಭಾರತ ಯೋಜನೆ ಒಂದು ಕುಟುಂಬಕ್ಕೆ ವರ್ಷಕ್ಕೆ ಕೊಡುವುದು ಐದು ಲಕ್ಷ. ಐದಕ್ಕೂ ಮೂವತ್ತಕ್ಕೂ ನಡುವೆ ಇರುವುದು ನಮ್ಮ ಮನೆ, ನಮ್ಮ ಗದ್ದೆ, ನಮ್ಮ ಮಾಂಗಲ್ಯ. ಟಿ-ವೆಕ್‌ಗೆ ಅಮೆರಿಕದಲ್ಲಿ 2015ರಲ್ಲಿ ಅಂದಾಜು ಮಾಡಿದ್ದು 65 ಸಾವಿರ ಡಾಲರ್. ಆಗಿನ ಲೆಕ್ಕದಲ್ಲೇ ನಲವತ್ತು ಲಕ್ಷ ರೂಪಾಯಿಗೂ ಮೇಲೆ. ಅಷ್ಟಾಗಿಯೂ ಅದು ಬೇಕಾಗುವ ಮೆಲನೋಮ ಹೆಚ್ಚಾಗಿ ಬಿಳಿ ಚರ್ಮದವರ ರೋಗ. ಯಾವ ದೇಶದ ಹಣ ಯಾವ ದೇಶದ ರೋಗದ ಹಿಂದೆ ಹೋಗುತ್ತದೆ ಎಂಬ ಪಾಠವನ್ನು ಸಮಾಜದ ಪುಸ್ತಕದಲ್ಲಿ ಯಾರೂ ಬರೆದಿಲ್ಲ.

ನಮ್ಮ ಹೆಂಗಸರನ್ನು ಹೆಚ್ಚು ಕೊಲ್ಲುವುದು ಸ್ತನದ್ದು, ಗರ್ಭಕಂಠದ್ದು. ಗರ್ಭಕಂಠದ್ದು ವೈರಸ್ಸಿನಿಂದ ಬರುವ ಕ್ಯಾನ್ಸರ್. ಅದನ್ನು ತೋರಿಸಿದ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಅದಕ್ಕೆ ಪುಣೆಯ ಸೀರಂ ಸಂಸ್ಥೆಯ ಲಸಿಕೆ 2023ರಲ್ಲಿ ಬಂದಿದೆ. ವಿನಿಗರ್ ಹಚ್ಚಿ ನೋಡುವ ಸರಳ ತಪಾಸಣೆಯಿಂದಲೇ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾದದ್ದನ್ನು ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು 2013ರಲ್ಲಿ ತೋರಿಸಿದರು. ನೋಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಹೆಂಗಸರು. ನಲವತ್ತು ಲಕ್ಷದ ವೈರಸ್ಸಿನ ಸುದ್ದಿಗೆ ಮುಖಪುಟ ಕೊಡುವವರು ಆ ವಿನಿಗರಿನ ಸುದ್ದಿಗೆ ಎಷ್ಟು ಜಾಗ ಕೊಟ್ಟರು?

ತಿದ್ದಿದ ವೈರಸ್ಸಿನ ಚಿಕಿತ್ಸೆ ಬೇಡವೆಂದು ನಾನು ಹೇಳುತ್ತಿಲ್ಲ. ಬರಲಿ, ಬೆಳೆಯಲಿ, ನಮ್ಮ ರೋಗಗಳಿಗೂ ಬರಲಿ, ಸರ್ಕಾರಿ ಆಸ್ಪತ್ರೆಯ ಬಾಗಿಲಿಗೂ ಬರಲಿ. ಆದರೆ ಬರುವಾಗ ಲೆಕ್ಕವನ್ನು ಕೈಯಲ್ಲಿ ಹಿಡಿದು ಬರಲಿ. ಮುಂದಿನ ಸಲ 'ಕ್ಯಾನ್ಸರಿಗೆ ಕೊನೆಗೂ ಮದ್ದು' ಎಂಬ ತಲೆಬರಹ ಕಂಡರೆ ಪತ್ರಿಕೆಯನ್ನು ಕಣ್ಣಿಗೊತ್ತಿಕೊಳ್ಳಬೇಡಿ, ಒಲೆಗೂ ಹಾಕಬೇಡಿ. ಪೂರ್ತಿ ಓದಿ, ಕೊನೆಯ ಪ್ಯಾರಾವನ್ನು ಎರಡು ಸಲ ಓದಿ. ಆಮೇಲೆ ಡಾಕ್ಟರ ಮುಂದೆ ಕುಳಿತು ಕೇಳಿ. ಯಾವ ಕ್ಯಾನ್ಸರಿಗೆ? ಎಷ್ಟು ಜನರಲ್ಲಿ ಎಷ್ಟು ಜನರಿಗೆ, ಎಷ್ಟು ಕಾಲ? ಇದರ ಜೊತೆಗೆ ಇನ್ನೇನು ಕೊಟ್ಟಿದ್ದಿರಿ? ಇದು ಪ್ರಯೋಗವೋ, ಒಪ್ಪಿದ ಚಿಕಿತ್ಸೆಯೋ? ಖರ್ಚೆಷ್ಟು, ಕೊಡುವವರು ಯಾರು? ಇಷ್ಟನ್ನು ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಇನ್ನೊಮ್ಮೆ ಕೇಳಿ, ಕನ್ನಡದಲ್ಲೇ ಕೇಳಿ. ಕಾಗದ ಓದಿ ಅರ್ಥವಾಗುವವರೆಗೆ ಪೆನ್ನಿನ ಮುಚ್ಚಳ ತೆಗೆಯಬೇಡಿ.